ಡ್ರಿಲ್ ಮಾಸ್ತರರ ಹಿತ್ತಲ ಬೇಲಿ

ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಏರ್ಪಟ್ಟಾಗ ಮೇಜಿನ ಮೇಲೆ ಇಡುವುದಕ್ಕೆ ಅವರದೊಂದು ಭಾವಚಿತ್ರ ಬೇಕಾಯಿತು. ಕಚೇರಿಯ ಕಪಾಟಿನಲ್ಲಿದ್ದ ಹಳೆಯ ಗುಂಪುಚಿತ್ರಗಳನ್ನೆಲ್ಲ ಹೊರತೆಗೆದು ನೋಡಿದೆವು. ಎಲ್ಲದರಲ್ಲಿಯೂ ಅವರಿದ್ದರು, ಯಾವುದರಲ್ಲಿಯೂ ನೆಟ್ಟಗೆ ಇರಲಿಲ್ಲ. ಒಂದರಲ್ಲಿ ಮುಖ ಅತ್ತ ತಿರುಗಿತ್ತು. ಇನ್ನೊಂದರಲ್ಲಿ ಮೇಲೆತ್ತಿದ ಕೈ ಪಕ್ಕದವರ ಮುಖವನ್ನು ಮುಚ್ಚಿತ್ತು. ಮತ್ತೊಂದರಲ್ಲಿ ಕುರ್ಚಿಯಿಂದ ಅರ್ಧ ಎದ್ದಿದ್ದರು. ಯಾರೋ ಮೈದಾನದಲ್ಲಿ ಚೆಂಡು ಒದ್ದ ಸದ್ದು ಕೇಳಿಸಿರಬೇಕು. ಕೊನೆಗೆ ಕ್ರೀಡಾಕೂಟದ ಚಿತ್ರವೊಂದರಿಂದ ಅವರ ಮಸುಕಾದ ಮುಖವನ್ನಷ್ಟೇ ದೊಡ್ಡದು ಮಾಡಿಸಿ ತಂದರು. ಸಭೆಯಲ್ಲಿ ಮಾತನಾಡಿದವರೆಲ್ಲ ಅವರ ಶಿಸ್ತನ್ನು ಹೊಗಳಿದರು. ನಾನು ಕುಳಿತಲ್ಲಿ ಕುಳಿತಿರಲಾರದೆ ಅವರ ಬೇಲಿಯನ್ನು ಕುರಿತು ಯೋಚಿಸುತ್ತಿದ್ದೆ.

ಅವರು ಸಿಂಧನೂರಿನ ನಮ್ಮ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದರು. ಊರವರ ಬಾಯಲ್ಲಿ ಡ್ರಿಲ್ ಮಾಸ್ತರ್. ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಸ್ವಯಂನಿವೃತ್ತಿ ಪಡೆದು ಕೆಲವು ವರ್ಷಗಳಾದವು. ನಮ್ಮಿಬ್ಬರಿಗೂ ವಯಸ್ಸಿನಲ್ಲಿ ಅಂತರವಿತ್ತು, ಸ್ವಭಾವದಲ್ಲಿ ಅದಕ್ಕಿಂತ ಹೆಚ್ಚಿನ ಅಂತರವಿತ್ತು. ನನಗೆ ಒಂದು ಕೆಲಸ ಮುಗಿಯದೆ ಇನ್ನೊಂದನ್ನು ಮುಟ್ಟುವುದು ಆಗದು. ಅವರಿಗೆ ಒಂದು ಕೆಲಸದಲ್ಲಿ ಪೂರ್ತಿ ನಿಲ್ಲುವುದು ಆಗದು. ಚಹವನ್ನು ಸಹ ಅವರು ಶಿಕ್ಷಕರ ಕೊಠಡಿಯಲ್ಲಿ ಕುಳಿತು ಕುಡಿದವರಲ್ಲ. ಬಟ್ಟಲನ್ನು ಹಿಡಿದು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಮುಗಿಸುತ್ತಿದ್ದರು. ನಾನು ಪಾಠದಲ್ಲಿ ಮಗ್ನನಾಗಿದ್ದಾಗ ಕಿಟಕಿಯಲ್ಲಿ ಅವರ ತಲೆ ಕಾಣಿಸಿಕೊಳ್ಳುತ್ತಿತ್ತು.

"ಕನ್ನಡ ಸರ್ರ, ಹುಡುಗ್ರನ್ನ ಒಂದೀಟು ಎಬ್ಬಿಸಿ ನಿಂದ್ರಸ್ರಿ. ಕಾಲು ಜೋಮು ಹಿಡಿದಾವು ಅವಕ್ಕ."

"ಇನ್ನೂ ಪಾಠ ಮುಗಿದಿಲ್ಲ ಸರ್."

"ಪಾಠ ಎಲ್ಲಿ ಹೋಗತೈತ್ರಿ? ಕಾಲು ಹೋದ್ರ ಬರಂಗಿಲ್ಲ ನೋಡ್ರಿ."

ಹುಡುಗರು ನಗುವುದರೊಳಗೆ ಆ ತಲೆ ಮುಂದಿನ ಕಿಟಕಿಗೆ ಹೋಗಿರುತ್ತಿತ್ತು.

ಶಾಲೆಗೆ ಆಗ ಕಾಂಪೌಂಡು ಇರಲಿಲ್ಲ. ಮೈದಾನದ ಒಂದು ಬದಿಗೆ ಬಸ್ಸಿನ ರಸ್ತೆ, ಇನ್ನೊಂದು ಬದಿಗೆ ಭತ್ತದ ಗದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಕೆಟ್ಟಿನಲ್ಲಿ ಸುಣ್ಣದ ಪುಡಿ ತುಂಬಿಕೊಂಡು ಕಬಡ್ಡಿ ಅಂಕಣದ ಗೆರೆಗಳನ್ನು ಎಳೆಯುತ್ತಿದ್ದರು. ಆಟ ರಂಗೇರಿದಾಗಲೇ ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು ಅಂಕಣದ ನಡುವೆ ನಡೆದು ಬರುತ್ತಿದ್ದಳು. ಮಾಸ್ತರರು ಸೀಟಿ ಊದುತ್ತಿದ್ದರು. ಎಲ್ಲರೂ ಇದ್ದಲ್ಲಿಯೇ ನಿಲ್ಲಬೇಕು. ರೇಡಿಗೆ ಹೋದ ಹುಡುಗನೂ ದಮ್ಮು ಬಿಡದೆ ನಿಲ್ಲಬೇಕು. ಹೊರೆ ಆಚೆಯ ಗೆರೆಯನ್ನು ದಾಟಿದ ಮೇಲೆಯೇ ಮತ್ತೊಂದು ಸೀಟಿ.

"ಸರ್, ದಮ್ಮು ಹೋತ್ರಿ!" ಎಂದು ಹುಡುಗ ಗೋಗರೆದರೆ, "ಹೊರಿ ಹೊತ್ತಾಕೀಗೂ ದಮ್ಮು ಅನ್ನೋದು ಐತಿ, ಸುಮ್ನ ನಿಂದ್ರಲೇ" ಎನ್ನುತ್ತಿದ್ದರು.

ಮುಂದೆ ಶಾಲೆಗೆ ಕಾಂಪೌಂಡು ಬಂದಿತು. ಚೆಂಡು ರಸ್ತೆಗೆ ಹೋಗುವುದು ನಿಂತಿತು, ಆಡುಕುರಿ ನುಗ್ಗುವುದು ನಿಂತಿತು. ನಾವೆಲ್ಲ ಸಂತೋಷಪಟ್ಟೆವು. ಆದರೆ ಸಂಜೆಯ ಹೊತ್ತು ಸೈಕಲ್ಲನ್ನು ಓರೆಯಾಗಿ ನಿಲ್ಲಿಸಿ ಆಟ ನೋಡುತ್ತಿದ್ದ ಮಂದಿಯೂ ಇಲ್ಲವಾದರು. ಮಾಸ್ತರರು ಆಟ ಆಡಿಸುತ್ತಿದ್ದವರು ನಡುವೆಯೇ ಹೋಗಿ ಗೋಡೆಗೆ ಕೈ ಕೊಟ್ಟು ಮೇಲಕ್ಕೆ ಜಿಗಿದು ಆಚೆ ಇಣುಕಿ ನೋಡಿ ಬರುತ್ತಿದ್ದರು. ಏನು ನೋಡುತ್ತೀರಿ ಎಂದು ಕೇಳಿದರೆ, "ಏನಿಲ್ರಿ, ಮಂದಿ ಅದಾರೋ ಇಲ್ಲೋ ಅಂತ" ಎಂಬುದಷ್ಟೇ ಉತ್ತರ.

ನಿವೃತ್ತರಾದ ಮೇಲೆ ಅವರು ಊರ ಹೊರಗೆ, ಮಸ್ಕಿ ರಸ್ತೆಯಲ್ಲಿ ಮನೆ ಕಟ್ಟಿಸಿದರು. ಮನೆಯ ಮುಂದೆ ಒಂದಷ್ಟು ಜಾಗ, ಅದರಾಚೆ ಹೆದ್ದಾರಿ. ಹಿಂದೆ ಅದಕ್ಕಿಂತ ದೊಡ್ಡ ಹಿತ್ತಲು, ಅದರಾಚೆ ಕಾಲುವೆಯ ಒಡ್ಡು, ಒಡ್ಡಿನಾಚೆ ಗದ್ದೆಗಳು. ಎರಡು ಜಾಗಗಳಿಗೂ ಬೇಲಿ ಇರಲಿಲ್ಲ.

ಆ ಮಣ್ಣಿಗಾಗಿ ಅವರಿಗಿಂತ ಹೆಚ್ಚು ಕಾದವರು ಅವರ ಪತ್ನಿ. ನಾನು ಅವರನ್ನು ಅಕ್ಕಾವರೆಂದೇ ಕರೆಯುತ್ತಿದ್ದೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ವರ್ಗವಾದಲ್ಲೆಲ್ಲ ಬಾಡಿಗೆಯ ಮನೆ, ಫರಸಿಕಲ್ಲು ಹಾಸಿದ ಅಂಗಳ. ಅಕ್ಕಾವರು ಎಣ್ಣೆಯ ಡಬ್ಬಿಗಳಲ್ಲಿ ಕರಿಬೇವು, ಮೆಣಸಿನಗಿಡ ಬೆಳೆಸಿ, ಪ್ರತಿ ವರ್ಗಾವಣೆಯಲ್ಲಿಯೂ ಆ ಡಬ್ಬಿಗಳನ್ನು ಲಾರಿಯಲ್ಲಿ ತಮ್ಮ ಕಾಲ ಬಳಿ ಇಟ್ಟುಕೊಂಡು ಬಂದವರು. ಈಗ ಹಿತ್ತಲಲ್ಲಿ ಪುಂಡಿಪಲ್ಲೆ, ಬದನೆ, ಚವಳಿ ಹಾಕಿದರು. ಮೊಳಕೆ ಗೇಣುದ್ದ ಎದ್ದಿತ್ತು; ಒಂದು ಮಧ್ಯಾಹ್ನ ಆಡಿನ ಹಿಂಡು ಬಂದು ನೆಲ ಮಟ್ಟ ಮಾಡಿಹೋಯಿತು. ಮತ್ತೆ ಹಾಕಿದರು. ಮತ್ತೆ ಅದೇ ಆಯಿತು. ಆ ಸಂಜೆ ನಾನು ಹೋದಾಗ ಅಕ್ಕಾವರು ಕುಡಗೋಲನ್ನು ತೊಳೆದು ಗೂಟಕ್ಕೆ ಸಿಕ್ಕಿಸುತ್ತಿದ್ದರು.

"ಸರ್ರ, ನಿಮ್ಮ ಮಾಸ್ತರಿಗೆ ಹೇಳ್ರಿ. ಮಿರಗದ ಮಳಿ ಕೂಡೋದ್ರಾಗ ಬೇಲಿ ಆದ್ರ ಆತು. ಇಲ್ಲಂದ್ರ ಮೂರನೇ ಸಲ ನಾ ಬೀಜ ಹಾಕಂಗಿಲ್ಲ. ಆ ಡಬ್ಬಿಗಿಡಾನೇ ನನಗ ಸಾಕು."

ಅವರ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಮಾಸ್ತರರು ತಮಾಷೆ ಮಾಡಿ ತೇಲಿಸುತ್ತಿದ್ದರು. ಸಿಟ್ಟು ಇರಲಿಲ್ಲ. ಅದರಿಂದಲೇ ಅವರಿಗೆ ದಿಗಿಲಾಯಿತು.

ಬೇಲಿ ಹಾಕುವುದಕ್ಕೆ ಇದ್ದ ತೊಡಕೆಂದರೆ ಒಂದು ಕಾಲುದಾರಿ. ಪಕ್ಕದ ಓಣಿಯಿಂದ ಬರುವ ಕೂಲಿಯ ಹೆಂಗಸರು ಇವರ ಹಿತ್ತಲನ್ನು ಹಾದು, ಒಡ್ಡನ್ನು ಹತ್ತಿ, ಗದ್ದೆಗಳಿಗೆ ಇಳಿಯುತ್ತಿದ್ದರು. ನಿವೇಶನಗಳಾಗುವುದಕ್ಕೆ ಮೊದಲೇ ಇದ್ದ ದಾರಿ ಅದು. ಅದನ್ನು ಮುಚ್ಚಿದರೆ ಅವರು ಹೆದ್ದಾರಿಯ ಅಂಚಿನಲ್ಲಿ ಲಾರಿ, ಟ್ರ್ಯಾಕ್ಟರುಗಳ ಪಕ್ಕಕ್ಕೇ ನಡೆದು, ಸೇತುವೆಯನ್ನು ಸುತ್ತಿಕೊಂಡು ಹೋಗಬೇಕು. ನಾಟಿಗೆ, ಕಳೆಗೆ, ಕೊಯ್ಲಿಗೆ ಹೋಗುವ ಆ ತಂಡದ ಮುಂದಾಳು ಹುಲಿಗೆಮ್ಮ ಎಂಬ ಗಟ್ಟಿ ಬಾಯಿಯ ಹೆಂಗಸು. ಮಾಸ್ತರರು ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಲ್ಲಿ ಅಡ್ಡಾಡುತ್ತಿದ್ದರೆ ಆಕೆ ದೂರದಿಂದಲೇ ಕೂಗುತ್ತಿದ್ದಳು:

"ಮಾಸ್ತರ್ರ, ಇನ್ನೂ ಡ್ರಿಲ್ಲಾ ಮಾಡಾಕತ್ತೀರೇನು? ಬರ್ರಿ ನಾಟೀಗೆ, ಬಗ್ಗೋದು ಏಳೋದು ಅಲ್ಲೇ ಐತಿ!"

"ಬರ್ತಿದ್ನ್ಯವ್ವಾ, ಸೀಟಿ ಊದಾಕ ನೀ ಬಿಡಂಗಿಲ್ಲಲ್ಲ!"

ಹೀಗೆ ಅಕ್ಕಾವರ ಮಿರಗದ ಗಡುವನ್ನೂ ಈ ಕಾಲುದಾರಿಯನ್ನೂ ತಲೆಯಲ್ಲಿ ಹೊತ್ತುಕೊಂಡು ಮಾಸ್ತರರು ಬೇಲಿ ಆರಿಸುವುದಕ್ಕೆ ಹೊರಟರು. ನನ್ನನ್ನೂ ಹೊರಡಿಸಿದರು. ನಾನು ಕ್ರಮವಾಗಿ ಯೋಚಿಸೋಣವೆಂದೆ: ಮೊದಲು ಮುಂದಿನದು, ಅನಂತರ ಹಿಂದಿನದು, ಮುಂದೆ ತಗ್ಗಾದ, ನೋಟಕ್ಕೆ ಅಡ್ಡವಾಗದ ಬೇಲಿ, ಹಿಂದೆ ಎತ್ತರವಾದ, ಆಡು ನುಸುಳದ ಬೇಲಿ. ಅವರು ಪೂರ್ತಿ ಒಪ್ಪಿಕೊಂಡರು. ಮರುದಿನ ಬೆಳಿಗ್ಗೆ ಬಂದು, "ಉಲ್ಟಾ ಮಾಡಿದ್ರ ಹೆಂಗ್ರಿ?" ಎಂದು ಕೇಳಿದರು.

ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋದೆವು. ಅಲ್ಲಿ ಅವರು ಅಂಗಡಿಗೆ ಹೋಗಲಿಲ್ಲ. ಓಣಿ ಓಣಿ ತಿರುಗಿ ಜನರ ಮನೆಗಳ ಬೇಲಿಗಳನ್ನು ನೋಡತೊಡಗಿದರು. ನೋಡುವುದೆಂದರೆ ಕಣ್ಣಿನಿಂದ ನೋಡುವುದಲ್ಲ. ಕಂಬವನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸುವುದು, ತಂತಿಯ ಜಾಳಿಗೆಗೆ ಬೆನ್ನು ಕೊಟ್ಟು ಒರಗುವುದು, ಕುಕ್ಕರುಗಾಲಲ್ಲಿ ಕೂತು ಆಡಿನ ಎತ್ತರದಿಂದ ಒಳಗೆ ಇಣುಕುವುದು. ಅಂಥದೊಂದು ಕುಕ್ಕರುಗಾಲಿನಲ್ಲಿದ್ದಾಗ ಮನೆಯ ಯಜಮಾನರು ಹೊರಬಂದರು.

"ಯಾರ್ರೀ ಅದು? ಮನಿ ಮಾರಾಕಿಲ್ರೀ ಇದು."

"ಮನಿ ಬ್ಯಾಡ್ರಿ ನಮಗ. ಬೇಲಿ ಅಷ್ಟ ನೋಡಾಕತ್ತೀವಿ."

"ಬೇಲಿ ಮಾರಾಕೂ ಇಲ್ಲ."

"ಇದರಾಗ ಆಡು ಬರ್ತಾವೇನ್ರಿ?"

ಯಜಮಾನರು ನನ್ನ ಕಡೆ ನೋಡಿದರು. ನಾನು ಓಣಿಯ ಕಡೆ ನೋಡಿದೆ. ಅರ್ಧ ಗಂಟೆಯಾದ ಮೇಲೆ ನಾವು ಅದೇ ಮನೆಯಲ್ಲಿ ಚಹ ಕುಡಿಯುತ್ತಿದ್ದೆವು. ಮಾಸ್ತರರು ಎಂದಿನಂತೆ ಬಟ್ಟಲು ಹಿಡಿದು ಅಂಗಳದಲ್ಲಿ ಸುತ್ತುತ್ತಿದ್ದರು. ಸಿಮೆಂಟಿನ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಬೇಲಿ ಅದು. ಬಲವಾಗಿಯೇ ಇತ್ತು. ಹೊರಬಂದ ಮೇಲೆ ಅವರು, "ಬ್ಯಾಡ್ರಿ. ಒಳಗ ನಿಂತ್ರ ರಸ್ತಾದಾಗ ಹೋಗೋರ ಬರೇ ತಲಿ ಕಾಣತಾವು. ಮನಷ್ಯಾ ನಗಾಕತ್ತಾನೋ ಕುಂಟಾಕತ್ತಾನೋ ಗೊತ್ತಾಗಬೇಕಲ್ಲ" ಎಂದರು.

ಮಸ್ಕಿಯಲ್ಲಿ ಕಲ್ಲುಕಂಬ ಮಾರುವವನ ಬಳಿ ಇನ್ನೊಂದು ದಿನ. ಕಂಬಗಳು ಅವರಿಗೆ ಮೆಚ್ಚುಗೆಯಾದವು. ಕಂಬಗಳ ನಡುವೆ ಮುಳ್ಳುತಂತಿ ಎಳೆಯುವುದೆಂದು ಕೇಳಿದ ಕೂಡಲೇ ಹಿಂದೆ ಸರಿದರು.

"ತಲಿ ಮ್ಯಾಲ ಹೊರಿ ಇದ್ದವರಿಗೆ ಕಾಲಾಗಿನ ಮುಳ್ಳು ಕಾಣಂಗಿಲ್ಲಪಾ."

"ಮಾಸ್ತರ್ರ," ಎಂದು ಅವನು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ, "ಬೇಲಿ ಹಾಕೋದು ಯಾರೂ ಬರಬಾರ್ದು ಅಂತ. ನೀವು ಬರೋರಿಗೆ ತ್ರಾಸ ಆಗದಂಥ ಬೇಲಿ ಕೇಳಾಕತ್ತೀರಿ. ನಾ ಎಲ್ಲಿಂದ ತರ್ಲಿ?"

ಮಾಸ್ತರರು ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಸಿಂಧನೂರಿನವರೆಗೆ ನಿಂತುಕೊಂಡೇ ಬಂದರು. ಮನೆಗೆ ಹೋದರೆ ಅಕ್ಕಾವರು ಬೀಜದ ಪೊಟ್ಟಣಗಳನ್ನು ಪಕ್ಕದ ಮನೆಯವರಿಗೆ ಕೊಡಲೆಂದು ತೆಗೆದಿಟ್ಟಿದ್ದರು.

ಮರುದಿನ ನಸುಕಿನಲ್ಲಿ ಮಾಸ್ತರರು ತಮಗೆ ಬರುತ್ತಿದ್ದ ಒಂದೇ ವಿಧಾನವನ್ನು ಹಿಡಿದರು. ಬೇಲಿ ಎಲ್ಲಿ ಬಂದರೆ ಹೇಗೆ ಕಾಣುವುದೆಂದು ತಿಳಿಯುವುದಕ್ಕೆ ಮುಂದೆಯೂ ಹಿಂದೆಯೂ ಸುಣ್ಣದ ಪುಡಿಯಿಂದ ಗೆರೆ ಎಳೆದರು. ಕೈಗೆ ಅಭ್ಯಾಸವಿತ್ತು; ದಾರ ಹಿಡಿದಂತೆ ನೇರವಾಗಿ ಬಂದಿತು. ಮುಂದಿನ ಗೆರೆಯನ್ನು ಎಳೆಯುವಾಗ ಉಮೇದು ಹೆಚ್ಚಿ, ಪಕ್ಕದ ಮನೆಗಳ ಸಾಲಿಗೆ ತಮ್ಮ ಬೇಲಿ ಹೊಂದುವುದೋ ಇಲ್ಲವೋ ನೋಡಲೆಂದು ಆಚೀಚೆಯ ನಿವೇಶನಗಳ ಮುಂದೆಯೂ ಒಂದಿಷ್ಟು ದೂರ ಎಳೆದುಕೊಂಡು ಹೋದರು.

ಹೊತ್ತು ಏರುವುದರೊಳಗೆ ಆ ರಸ್ತೆಯಲ್ಲಿ ಗದ್ದಲವೆದ್ದಿತು. ಹೆದ್ದಾರಿಯ ಅಂಚಿನ ಊರುಗಳಲ್ಲಿ ಬೆಳಗಾಗುವುದರೊಳಗೆ ಬಿಳಿ ಗೆರೆ ಮೂಡಿದರೆ ಅದಕ್ಕೆ ಒಂದೇ ಅರ್ಥ: ರಸ್ತೆ ಅಗಲವಾಗುತ್ತದೆ, ಗೆರೆಯಿಂದೀಚಿನದು ಹೋಗುತ್ತದೆ. ಪಕ್ಕದ ಮನೆಯ ನಿವೃತ್ತ ಕಂಡಕ್ಟರರ ಮೆಟ್ಟಿಲುಗಳು ಗೆರೆಯಿಂದೀಚೆಗೆ ಬಂದಿದ್ದವು. ನನಗೆ ಫೋನು ಬಂದು ನಾನು ಹೋಗುವ ಹೊತ್ತಿಗೆ ಅವರು ಹೂಕುಂಡಗಳನ್ನೆಲ್ಲ ಒಳಗೆ ಸಾಗಿಸಿಯಾಗಿತ್ತು.

"ಸರ್ರ, ಸರ್ಕಾರದೋರು ರಾತ್ರೋರಾತ್ರಿ ಅಳದು ಹೋಗ್ಯಾರ! ನನ್ನ ಮೆಟ್ಟಲಾ ಅಷ್ಟೂ ಹೋಕ್ಕಾವು!"

"ಸರ್ಕಾರ ಅಲ್ರೀ, ನಾನು," ಎಂದರು ಮಾಸ್ತರರು.

"ನೀವು ಯಾವಾಗ ಸೇರಿದ್ರಿ ಸರ್ಕಾರ?"

"ಏಯ್, ನಾ ನನ್ನ ಬೇಲಿಗೆ ಗೆರಿ ಹಾಕೀನ್ರೀ."

"ನಿಮ್ಮ ಬೇಲಿ ನನ್ನ ಮೆಟ್ಟಲದ ಮ್ಯಾಲ ಯಾಕ ಬಂತ್ರೀ?"

ಮಾಸ್ತರರು ಅಲ್ಲಿಯೇ ಚಪ್ಪಲಿಯಿಂದ ಗೆರೆಯನ್ನು ತಿಕ್ಕಿ ತಿಕ್ಕಿ ಅಳಿಸಿದರು. ಕಂಡಕ್ಟರರು ಬೈಯುತ್ತಲೇ ಕುಂಡಗಳನ್ನು ಒಂದೊಂದಾಗಿ ಹೊರಗೆ ತಂದಿಟ್ಟರು. ನಾವೆಲ್ಲ ನಕ್ಕೆವು. ಹಿಂದೆ ಏನಾಗಿತ್ತೆಂದು ಆ ನಗುವಿನಲ್ಲಿ ಯಾರೂ ಗಮನಿಸಿರಲಿಲ್ಲ.

ಹುಲಿಗೆಮ್ಮನ ತಂಡ ಎಂದಿನಂತೆ ಓಣಿಯಿಂದ ಬಂದು, ಹಿತ್ತಲ ಅಂಚಿನ ಗೆರೆಯನ್ನು ಕಂಡು, ನಿಂತುಬಿಟ್ಟಿತ್ತು. ಕರೆಯುವವರಿಲ್ಲ, ಕೇಳುವವರಿಲ್ಲ. ಸ್ವಲ್ಪ ಹೊತ್ತು ನೋಡಿ, ತಿರುಗಿ, ಹೆದ್ದಾರಿಯನ್ನು ಹಿಡಿದಿದ್ದರು. ಮುಂದಿನ ಗೆರೆಯನ್ನು ಅಳಿಸುತ್ತಿದ್ದ ಮಾಸ್ತರರಿಗೆ ಎದುರಿನಿಂದಲೇ ಅವರು ಸಾಲಾಗಿ ಹೋಗುವುದು ಕಂಡಿತು. ಟ್ರ್ಯಾಕ್ಟರೊಂದು ಹಾರ್ನ್ ಹಾಕುತ್ತ ಬಂದಾಗ ಎಲ್ಲರೂ ಚರಂಡಿಯ ಅಂಚಿಗೆ ಸರಿದು, ಒಬ್ಬರ ಸೆರಗನ್ನೊಬ್ಬರು ಹಿಡಿದು ನಿಂತರು.

"ಹುಲಿಗೆಮ್ಮಾ, ಇತ್ಲಾಗ ಯಾಕ ಬಂದ್ರಿ?"

"ಗೆರಿ ಹಾಕೀರಲ್ರೀ," ಎಂದಳು ಆಕೆ. ಅದರಲ್ಲಿ ತಮಾಷೆಯಿರಲಿಲ್ಲ. ನಿಲ್ಲದೆ ಮುಂದೆ ಹೋದಳು.

ಆ ದಿನವೆಲ್ಲ ಮಾಸ್ತರರು ಮುಂಬಾಗಿಲಿನಿಂದ ಹಿಂಬಾಗಿಲಿಗೆ, ಹಿಂಬಾಗಿಲಿನಿಂದ ಮುಂಬಾಗಿಲಿಗೆ ನಡೆದರು. "ಹುಡುಗ್ರು ಅಂತೂ ಎಂದೂ ನನ್ನ ಗೆರಿ ಮಾತು ಕೇಳಲಿಲ್ರೀ ಸರ್ರ. ಇವ್ರು ಒಂದ ನೋಟಕ್ಕ ಕೇಳಿಬಿಟ್ರು" ಎಂದು ನನಗೆ ಎರಡು ಸಲ ಹೇಳಿದರು. ಸಂಜೆ ಅಕ್ಕಾವರಿಗೂ ಅವರಿಗೂ ಮಾತಿಗೆ ಮಾತು ಬೆಳೆಯಿತು. ನಾನು ಎದ್ದು ಹೋಗಬೇಕೋ ಇರಬೇಕೋ ತಿಳಿಯದೆ ಚಹದ ಬಟ್ಟಲನ್ನು ಹಿಡಿದಿದ್ದೆ.

"ದಾರಿ ಮೊದಲ ಇತ್ತು, ನಾವು ಆಮ್ಯಾಲ ಬಂದೀವಿ," ಎಂದರು ಮಾಸ್ತರರು.

"ಹಂಗಂದ್ರ ನನ್ನ ಬದನಿಗಿಡ ಎಲ್ಲಿ ಹೋಗಬೇಕು? ಊರು ಊರು ತಿರುಗಿಸಿದ್ರಿ, ಡಬ್ಬಿ ಹೊತ್ಕೊಂಡು ತಿರುಗಿದ್ನಿ. ಒಂದ ಮಾತು ಅಂದೀನೇನು?"

"ಅಂದಿಲ್ಲ."

"ಈಗ ಅನ್ನಾಕತ್ತೀನಿ. ಹಿಂದಿಂದು ನಿಮಗ ಬೇಕಲ್ಲ? ಇಟ್ಕೋರಿ. ಮುಂದಿಂದು ನನಗ ಕೊಡ್ರಿ."

ಮಾಸ್ತರರು ನಿಂತರು. ಮುಂದಿನ ಜಾಗ ಅವರದು. ಬೇಲಿಯಿಲ್ಲದೆ ಬಿಟ್ಟು, ಬೆಳಿಗ್ಗೆ ಸಂಜೆ ಅಲ್ಲಿ ಅಡ್ಡಾಡುತ್ತ, ರಸ್ತೆಯಲ್ಲಿ ಹೋಗುವ ಹಳೆಯ ವಿದ್ಯಾರ್ಥಿಗಳ ಬೈಕುಗಳನ್ನು ಅಡ್ಡಗಟ್ಟಿ ಮಾತನಾಡಿಸುವ ಜಾಗ.

"ಹೆದ್ದಾರಿಗೆ ಮುಖ ಮಾಡಿ ಬದನಿಗಿಡ ಹಾಕ್ತೀಯೇನು? ನೋಡಿದೋರು ಏನಂದಾರು?"

"ಬದನಿಕಾಯಿ ಅಂತಾರ."

ಮಿರಗ ಕೂಡುವುದಕ್ಕೆ ಮೊದಲು ಮನೆಯ ಮುಂದೆ ಬೇಲಿ ಎದ್ದಿತು. ಮಸ್ಕಿಯ ಕಲ್ಲುಕಂಬ, ತಂತಿಯ ಜಾಳಿಗೆ. ಕಣ್ಣುಗಳು ಎಷ್ಟು ದೊಡ್ಡವಿರಬೇಕೆಂಬುದನ್ನು ಅಕ್ಕಾವರೇ ಅಂಗಡಿಗೆ ಬಂದು ಮುಷ್ಟಿ ತೂರಿಸಿ ನೋಡಿ ಗೊತ್ತುಮಾಡಿದರು. ಸಾಲಿನ ಮನೆಗಳ ಮುಂದೆಲ್ಲ ದಾಸವಾಳ, ಕಣಗಿಲೆ. ಇವರ ಮನೆಯ ಮುಂದೆ ಪುಂಡಿ, ಬದನೆ, ಜಾಳಿಗೆಯ ಮೇಲೆ ಹಬ್ಬಿದ ಹೀರೆಬಳ್ಳಿ. ಬಳ್ಳಿ ದಟ್ಟವಾದಂತೆ ಮಾಸ್ತರರಿಗೆ ರಸ್ತೆ ಮರೆಯಾಯಿತು. ಅವರು ಒಮ್ಮೆಯೂ ಗೊಣಗಲಿಲ್ಲ. ತಮ್ಮ ಅಡ್ಡಾಟವನ್ನು ಹಿತ್ತಲಿಗೆ ವರ್ಗ ಮಾಡಿಕೊಂಡರು. ಮೊದಲ ಬದನೆಕಾಯಿಗಳನ್ನು ನನಗೆ ತಂದುಕೊಟ್ಟಾಗ, "ತಿನ್ರಿ, ಹೆದ್ದಾರಿ ಬದನಿಕಾಯಿ. ಡೀಸಲ್ ವಾಸನಿ ಬಂದ್ರ ನಿಮ್ಮ ಅಕ್ಕಾವರಿಗೆ ಹೇಳಬ್ಯಾಡ್ರಿ" ಎಂದರು.

ಅವರು ಕುಸಿದದ್ದು ಆ ಹಿತ್ತಲಿನಲ್ಲಿಯೇ, ಬೆಳಿಗ್ಗೆ, ಹೆಂಗಸರು ದಾಟುವ ಹೊತ್ತಿನಲ್ಲಿ. ಹುಲಿಗೆಮ್ಮ ಅಂದು ಒಡ್ಡನ್ನು ಹತ್ತಿಯಾಗಿತ್ತು. ತಿರುಗಿ ಏನೋ ಹೇಳಹೋದವಳಿಗೆ ಮಾಸ್ತರರು ನೆಲದ ಮೇಲೆ ಕುಳಿತಿರುವುದು ಕಂಡಿತಂತೆ. "ಕುಂತಾರ ಅಂದಕೂಡ್ಲೇ ಓಡಿ ಬಂದ್ನಿರೀ. ಅವ್ರು ಕುಂತದ್ದು ನಾ ಎಂದೂ ನೋಡಿದ್ದಿಲ್ಲ" ಎಂದು ಆಕೆ ಆಮೇಲೆ ನನಗೆ ಹೇಳಿದಳು. ಹೆಂಗಸರೇ ಎತ್ತಿಕೊಂಡು ರಸ್ತೆಗೆ ತಂದು ಆಟೋ ನಿಲ್ಲಿಸಿದರು. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು.

ದಿನಕರ್ಮಗಳು ಮುಗಿದ ಮೇಲೆ ಅಕ್ಕಾವರ ತಮ್ಮ ಲಿಂಗಸುಗೂರಿನಿಂದ ಬಂದರು. ವಿವೇಕಿ, ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಂಡಸಿಲ್ಲದ ಮನೆ, ಹಿಂದೆ ಬಟಾಬಯಲು, ಬೇಲಿ ಹಾಕಲೇಬೇಕು. ಕಲ್ಲುಕಂಬಗಳು, ಜಾಳಿಗೆಯ ಸುರುಳಿ, ಓಣಿಯ ಕಡೆಗೆ ಒಂದು ಕಬ್ಬಿಣದ ಗೇಟು, ಅದಕ್ಕೊಂದು ಬೀಗ, ಎಲ್ಲವನ್ನೂ ತಂದು ಇಳಿಸಿದರು. ಅಳತೆ ಹಿಡಿಯುವುದಕ್ಕೆ ನಂಬಿಕೆಯವರು ಬೇಕೆಂದು ನನ್ನನ್ನು ಕರೆದಿದ್ದರು. ನಾನು ಟೇಪು ಹಿಡಿದು ಹಿತ್ತಲಿನಲ್ಲಿ ನಿಂತಿದ್ದಾಗ ಹುಲಿಗೆಮ್ಮನ ತಂಡ ಬಂದಿತು. ಕಂಬಗಳ ರಾಶಿಯನ್ನು ನೋಡಿ ನಿಂತರು.

"ಹಾಕ್ಕೋರಿ ಅಕ್ಕಾರ," ಎಂದಳು ಹುಲಿಗೆಮ್ಮ. "ಒಬ್ರ ಇರ್ತೀರಿ, ಹಾಕ್ಕೊಳ್ಳೋದ ಬರಾಬರಿ. ನಾಳಿಂದ ನಾವು ಸುತ್ತ ಹೋಕ್ಕೀವಿ."

ಅಕ್ಕಾವರು ಗೇಟಿನ ಮೇಲೆ ಕೈಯಿಟ್ಟು ನಿಂತಿದ್ದರು.

"ತಮ್ಮಾ, ಇಂಥದು ಇನ್ನೊಂದು ಗೇಟು ತರಿಸು."

"ಇನ್ನೊಂದು ಯಾಕಬೇ?"

"ಒಡ್ಡಿನ ಕಡಿಗೆ. ಒಳಗ ಬಂದೋರು ಹೊರಗ ಹೋಗಬ್ಯಾಡೇನು?"

"ಅಕ್ಕಾ, ಬೇಲೀನೂ ಹಾಕಿ ದಾರೀನೂ ಬಿಟ್ರ ಬೇಲಿ ಯಾಕ? ರಾತ್ರಿ ಯಾರರ ಬಂದ್ರ?"

"ರಾತ್ರಿ ಕೀಲಿ ಹಾಕೋದು. ಸಂಜಿಗೆ ಕಡೀಗೆ ಬರೋದು ಹುಲಿಗೆಮ್ಮನ ಮಂದಿ. ಮುಂಜಾನೆ ಮೊದಲ ಹೋಗೋದೂ ಅವ್ರ. ಹಾಕೋದು ತಗಿಯೋದು ಅವ್ರ ಮಾಡ್ಲಿ. ನಾ ಏಳೋದು ಹೊತ್ತಾಗತೈತಿ."

ಇಷ್ಟು ಹೇಳಿ ಅಕ್ಕಾವರು ತಮ್ಮನ ಕೈಯಿಂದ ಬೀಗವನ್ನು ತೆಗೆದುಕೊಂಡರು. ತಂತಿಯಲ್ಲಿ ಪೋಣಿಸಿದ್ದ ಚಾವಿಗಳಲ್ಲಿ ಒಂದನ್ನು ಬಿಡಿಸಿ ಹುಲಿಗೆಮ್ಮನ ಮುಂದೆ ಚಾಚಿದರು. ತಮ್ಮ ಏನೋ ಹೇಳಲು ನನ್ನ ಮುಖ ನೋಡಿದರು. ನಾನು ಟೇಪನ್ನು ಸುತ್ತತೊಡಗಿದ್ದೆ.

ಹುಲಿಗೆಮ್ಮ ಬುತ್ತಿಯ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. ಕೂಡಲೇ ತೆಗೆದುಕೊಳ್ಳಲಿಲ್ಲ.

"ನನ್ನ ಮನಿಗೇ ಕೀಲಿ ಇಲ್ರೀ ಅಕ್ಕಾರ. ನಿಮ್ಮ ಚಾವಿ ನಾ ಎಲ್ಲಿಡ್ಲಿ?"

ಅಕ್ಕಾವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ತಂಡದ ಹೆಂಗಸರು ಹೊತ್ತಾಯಿತೆಂದು ಒಬ್ಬೊಬ್ಬರಾಗಿ ಹಿತ್ತಲನ್ನು ಹಾದು ಒಡ್ಡನ್ನು ಹತ್ತತೊಡಗಿದರು. ಹುಲಿಗೆಮ್ಮ ಚಾವಿಯನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ನಾಲ್ಕು ಹೆಜ್ಜೆ ಹೋಗಿ, ನಿಂತು, ಗಂಟನ್ನು ಬಿಚ್ಚಿ ನೋಡಿ, ಮತ್ತೆ ಬಿಗಿಯಾಗಿ ಹಾಕಿಕೊಂಡಳು.